ಕೊನೆಯಿಂದ ಓದುವ ಇಮೇಲ್

ಮ್ಯಾನೇಜರ್ ಸಾಹೇಬರು ಶಿರಾ ಕಚೇರಿಯವಳಿಗೆ ‘ವಾರ್ಮ್ ರಿಗಾರ್ಡ್ಸ್’ ಎಂದು ಬರೆದ ದಿನ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಡಬ್ಬಿಯಲ್ಲಿ ಮುದ್ದೆ, ಹುರುಳಿಕಾಳಿನ ಬಸ್ಸಾರು ಇತ್ತು. ಎರಡು ತುತ್ತು ತಿಂದು ಮುಚ್ಚಿಟ್ಟೆ. ಆ ಮೇಲ್‌ನ ಪ್ರತಿ ನನಗೂ ಬಂದಿತ್ತು. ಅವಳು ಬರೆದದ್ದು ಒಂದೇ ಸಾಲು: ‘ಸರ್, ಮೂರು ಘಟಕದ ಫಿಲ್ಟರ್ ಬದಲಾಯಿಸಿದೆ.’ ಅದಕ್ಕೆ ಅವರ ಉತ್ತರ: ‘ಎಕ್ಸಲೆಂಟ್. ಥ್ಯಾಂಕ್ಯೂ. ವಾರ್ಮ್ ರಿಗಾರ್ಡ್ಸ್.’ ಕೆಳಗೆ ಅವರ ಪೂರ್ತಿ ಹೆಸರು, ಇನಿಷಿಯಲ್ ಸಮೇತ. ಅದೇ ಬೆಳಿಗ್ಗೆ ನಾನು ಒಂದೂವರೆ ಪುಟದ ವರದಿ ಕಳಿಸಿದ್ದೆ. ನನಗೆ ಬಂದದ್ದು ‘ನೋಟೆಡ್’. ಹೆಸರಿಲ್ಲ, ಮುಂದೆ ಒಂದು ಚುಕ್ಕಿಯೂ ಇಲ್ಲ.

ನಮ್ಮದು ಶುದ್ಧ ಕುಡಿಯುವ ನೀರಿನ ಘಟಕಗಳನ್ನು ನೋಡಿಕೊಳ್ಳುವ ಒಂದು ಗುತ್ತಿಗೆ ಕಂಪನಿ. ಊರೂರಿನಲ್ಲಿ ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದಲ್ಲ, ಆ ಪುಟ್ಟ ಕಟ್ಟಡಗಳು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ನಮ್ಮ ಪಾಲಿಗೆ ಬಂದಿದ್ದವು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವ ಸೀಮೆ ಇದು. ಘಟಕ ಒಂದು ದಿನ ನಿಂತರೆ ಊರಿನಲ್ಲಿ ಅದರ ಆಪರೇಟರ್ ತಲೆ ಎತ್ತಿ ಓಡಾಡುವಂತಿಲ್ಲ. ನಾನು ಮಧುಗಿರಿ ಕಚೇರಿಯಲ್ಲಿ ಕೂತು, ಯಾವ ಘಟಕದಲ್ಲಿ ಯಾವತ್ತು ಏನು ಬದಲಾಯಿಸಬೇಕು ಎಂದು ಟೆಕ್ನಿಷಿಯನ್‌ಗಳಿಗೆ ಮೇಲ್ ಮಾಡುತ್ತಿದ್ದೆ, ಆದ ಕೆಲಸವನ್ನು ತುಮಕೂರಿನಲ್ಲಿರುವ ಮ್ಯಾನೇಜರ್‌ಗೆ ವರದಿ ಮಾಡುತ್ತಿದ್ದೆ. ನನಗೆ ಮೂರು ತಾಲ್ಲೂಕು. ಶಿರಾದವಳಿಗೆ ಶಿರಾ ಒಂದೇ, ಜತೆಗೆ ಬಿಡಿಭಾಗಗಳ ಸ್ಟೋರ್. ಮೂರು ತಾಲ್ಲೂಕಿನವಳಿಗೆ ‘ನೋಟೆಡ್’, ಒಂದು ತಾಲ್ಲೂಕಿನವಳಿಗೆ ‘ವಾರ್ಮ್’. ನ್ಯಾಯ ಎಲ್ಲಿದೆ ನೀವೇ ಹೇಳಿ.

ನಾನು ಕಾಗದ ಬರೆಯುವುದನ್ನು ಕಲಿತದ್ದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ. ಪತ್ರಕ್ಕೆ ತಲೆ, ಹೊಟ್ಟೆ, ಕಾಲು ಮೂರೂ ಇರಬೇಕು ಎನ್ನುತ್ತಿದ್ದರು ನಮ್ಮ ಮೇಷ್ಟರು. ‘ಮಾನ್ಯರೇ’ ಎಂಬುದು ತಲೆ, ವಿಷಯ ಮತ್ತು ಉಲ್ಲೇಖ ಹೊಟ್ಟೆ, ‘ವಂದನೆಗಳೊಂದಿಗೆ, ಇಂತಿ ತಮ್ಮ ವಿಶ್ವಾಸಿ’ ಎಂಬುದು ಕಾಲು. ಕಂಪ್ಯೂಟರ್ ಬಂದರೂ ನಾನು ಒಂದು ಅಂಗವನ್ನೂ ಬಿಟ್ಟವಳಲ್ಲ. ಅದಲ್ಲದೆ ನನ್ನದೇ ಒಂದು ಅಭ್ಯಾಸವಿತ್ತು. ಸಹಿಗೆ ಸ್ವಲ್ಪ ಮೇಲೆ, ಬೇರೆ ಪ್ಯಾರಾ ಮಾಡಿ, ಆ ಕೆಲಸದಲ್ಲಿ ಮರೆಯಲೇಬಾರದ ಎರಡು ಮೂರು ವಿಷಯ ಬರೆದು ಮುಗಿಸುತ್ತಿದ್ದೆ. ಮೋಟರ್ ಸ್ವಿಚ್ ತೆಗೆದು ಫ್ಯೂಸ್ ಜೇಬಿಗೆ ಹಾಕಿಕೊಳ್ಳಿ, ಪಕ್ಕದ ಊರಿನ ಆಪರೇಟರ್‌ಗೆ ಹೇಳಿ ಅಲ್ಲಿನ ಘಟಕ ಒಂದು ಗಂಟೆ ಹೆಚ್ಚು ನಡೆಯುವಂತೆ ನೋಡಿಕೊಳ್ಳಿ, ಇಂಥವು.

ಶಿರಾದವಳು ಕೆಲಸಕ್ಕೆ ಸೇರಿ ವರ್ಷವಾಗಿತ್ತಷ್ಟೆ. ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳ ತಂದೆಗೆ ಶಿರಾ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ, ಅವಳು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಬೆಳೆದವಳು. ಒಮ್ಮೆ ಮೀಟಿಂಗ್‌ನಲ್ಲಿ ನನ್ನ ಪಕ್ಕ ಕೂತು ಹೇಳಿದ್ದಳು: “ಅಂಗಡೀಲಿ ಹತ್ತು ಜನ ಗಿರಾಕಿ ನಿಂತಿರ್ತಾರೆ ಅಕ್ಕಾ. ಮೊಳೆ ಐತಾ ಅಂದ್ರೆ ಐತೆ, ಇಲ್ಲ. ಕಥೆ ಹೇಳಕ್ಕೆ ಎಲ್ಲಿ ಪುರುಸೊತ್ತು?” ಆಮೇಲೆ ನಕ್ಕು, “ನಿಮ್ಮ ಮೇಲ್ ಬಂದ್ರೆ ಮದುವೆ ಕಾಗದ ಬಂದಂಗಾಗುತ್ತೆ. ಬರೀ ಅರಿಶಿನ ಕುಂಕುಮ ಹಚ್ಚಿಲ್ಲ ಅಷ್ಟೇ” ಎಂದಳು. ಅಕ್ಕಪಕ್ಕದವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಪಾತ್ರೆ ತೊಳೆಯುವಾಗ ಆ ಮಾತು ನೆನಪಾಗಿ ಒಂದು ಲೋಟವನ್ನು ಎಷ್ಟು ಜೋರಾಗಿ ಇಟ್ಟೆನೆಂದರೆ ಅದು ನಗ್ಗಿ ಹೋಯಿತು.

ಹೊಟ್ಟೆಕಿಚ್ಚು ಎಂಬುದನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಹೊಟ್ಟೆಕಿಚ್ಚೇ. ಅವರು ಅವಳಿಗೆ ಬರೆದ ಉತ್ತರಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ ಅದಕ್ಕೆ ‘ಇತರೆ’ ಎಂದು ಹೆಸರಿಟ್ಟಿದ್ದೆ. ದಿನಕ್ಕೆ ಒಂದು ಸಲವಾದರೂ ತೆಗೆದು ನೋಡದಿದ್ದರೆ ಸಮಾಧಾನವಿರಲಿಲ್ಲ. ಬರೀ ‘ರಿಗಾರ್ಡ್ಸ್’ ಎಷ್ಟು, ‘ಬೆಸ್ಟ್’ ಎಷ್ಟು, ‘ಥ್ಯಾಂಕ್ಯೂ’ ಜತೆ ಹೆಸರು ಸೇರಿಸಿದ್ದು ಎಷ್ಟು ಸಲ ಎಂಬುದೆಲ್ಲ ನನಗೆ ಬಾಯಿಪಾಠ. ನನ್ನ ಫೋಲ್ಡರಿನಲ್ಲಿ ‘ನೋಟೆಡ್’ ಬಿಟ್ಟರೆ ಒಂದೇ ಒಂದು ‘ಓಕೆ’ ಇತ್ತು. ಅದು ನಾನು ರಜೆ ಕೇಳಿದ್ದಕ್ಕೆ.

ಸುಮ್ಮನೆ ಕರುಬುತ್ತಿದ್ದೆನೆಂದು ತಿಳಿಯಬೇಡಿ, ಕಾರಣವಿತ್ತು. ನಾಲ್ಕು ತಾಲ್ಲೂಕಿಗೂ ಒಬ್ಬರು ಸಂಯೋಜಕರಿದ್ದರು, ಕೊರಟಗೆರೆ ಕಡೆಯ ತೋವಿನಕೆರೆಯವರು. ಯುಗಾದಿ ಕಳೆದು ಅವರು ಕೆಲಸ ಬಿಡುವವರಿದ್ದರು. ಆ ಜಾಗ ನನಗೆ ಬೇಕಿತ್ತು. ಹನ್ನೊಂದು ವರ್ಷದಿಂದ ಬೇಕಿತ್ತು. ಒಂದು ದಿನ ಅವರೇ ಫೋನ್ ಮಾಡಿದರು.

“ನಿನ್ ಹೆಸ್ರು, ಶಿರಾದವ್ಳ ಹೆಸ್ರು ಎಲ್ಡೂ ಹೋಗೈತೆ ಕಣಮ್ಮ. ಸಾಹೇಬ್ರು ಇನ್ನೂ ಏನೂ ಹೇಳಿಲ್ಲ.”

“ಅವಳು ನಿನ್ನೆ ಮೊನ್ನೆ ಬಂದವ್ಳು ಸಾರ್.”

“ಅದು ಸರಿ. ಆದ್ರೆ ಒಂದ್ ಮಾತು ಹೇಳ್ತೀನಿ ಬೇಜಾರ್ ಮಾಡ್ಕಬ್ಯಾಡ. ಅವ್ರು ಮೇಲ್ ನೋಡಾದು ಕಾರಲ್ಲಿ, ಫೋನಲ್ಲಿ. ಮಧುಗಿರಿಯಮ್ಮನ ಕಾಗ್ದ ಮೇಲಕ್ಕೆ ತಳ್ಳಿ ತಳ್ಳಿ ಹೆಬ್ಬೆಟ್ಟು ನೋವು ಬಂತು ಅಂತ ಮೊನ್ನೆ ನಗಾಡ್ತಿದ್ರು. ಒಸಿ ಚಿಕ್ಕದಾಗಿ ಬರಿ.”

ನನ್ನ ಹನ್ನೊಂದು ವರ್ಷ ಅವರ ಹೆಬ್ಬೆರಳಿಗೆ ನೋವು ತಂದಿತ್ತು. ಫೋನಿಟ್ಟು ಕಿಟಕಿಯಾಚೆ ಬೆಟ್ಟವನ್ನು ನೋಡುತ್ತ ಕೂತೆ. ಇನ್ನು ಮೇಲೆ ನಾನೂ ಚಿಕ್ಕದಾಗಿ ಬರೆಯುತ್ತೇನೆ, ಅವಳಿಗಿಂತ ಚಿಕ್ಕದಾಗಿ, ನೋಡೇಬಿಡೋಣ ಎಂದು ಹಟ ಹಿಡಿಯಿತು.

ಅದೇ ವಾರ ಐ.ಡಿ.ಹಳ್ಳಿ ಘಟಕದ ರಗಳೆ ಶುರುವಾಯಿತು. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಪುಟ್ಟ ಮೀಟರ್ ಒಂದಿದೆ, ಟಿಡಿಎಸ್ ಮೀಟರ್ ಎನ್ನುತ್ತೇವೆ. ಆಪರೇಟರ್ ದಿನವೂ ಅದರ ಅಂಕಿ ಕಳಿಸುತ್ತಾನೆ. ಶುದ್ಧವಾದ ನೀರಿನ ಅಂಕಿ ಹತ್ತು ದಿನದಲ್ಲಿ ಏರುತ್ತ ಏರುತ್ತ ನಾಲ್ಕು ಪಟ್ಟಾಗಿತ್ತು. ಮರಳಿನ ಫಿಲ್ಟರ್ ತೊಳೆಸಿದೆ, ಕಾರ್ಬನ್ ಬದಲಾಯಿಸಿದೆ, ಮುಂದಿನ ಚಿಕ್ಕ ಫಿಲ್ಟರುಗಳನ್ನು ಹೊಸದು ಹಾಕಿಸಿದೆ. ಅಂಕಿ ಜಗ್ಗಲಿಲ್ಲ. ಅಲ್ಲಿಗೆ ಕೆಟ್ಟದ್ದು ಮೆಂಬ್ರೇನ್ ಎಂದು ಖಾತ್ರಿಯಾಯಿತು. ಘಟಕದ ಪ್ರಾಣವೇ ಅದು. ಉದ್ದನೆಯ ಕೊಳವೆಯೊಳಗೆ ಸುರುಳಿ ಸುತ್ತಿದ ಹಾಳೆಯ ಹಾಗಿರುತ್ತದೆ, ಉಪ್ಪು ಮತ್ತು ಫ್ಲೋರೈಡನ್ನು ಅದೇ ತಡೆಯುವುದು.

ಮೆಂಬ್ರೇನ್ ಜೋಡಿ ಶಿರಾ ಸ್ಟೋರಿನಲ್ಲಿ ಒಂದೇ ಇತ್ತು. ಅದನ್ನು ಅವಳು ತನ್ನ ತಾಲ್ಲೂಕಿನ ಒಂದು ಘಟಕಕ್ಕೆ ಎತ್ತಿಟ್ಟುಕೊಂಡಿದ್ದಳು. ಕೇಳದೆ ಗತಿಯಿರಲಿಲ್ಲ. ತಲೆ, ಹೊಟ್ಟೆ, ಕಾಲು ಎಲ್ಲ ಇಟ್ಟು, ಹತ್ತು ದಿನದ ಅಂಕಿಯನ್ನೂ ಜೋಡಿಸಿ ಒಂದು ಪುಟ ಬರೆದೆ. ಕೊಡುವುದಿಲ್ಲ ಎನ್ನಲಿ ಎಂದು ಒಳಗೊಳಗೇ ಆಸೆ. ಅವಳು ಹಾಗೆ ಬರೆದರೆ ಅದನ್ನು ಮ್ಯಾನೇಜರ್‌ಗೆ ಕಳಿಸಬಹುದಿತ್ತು. ಐದು ನಿಮಿಷದಲ್ಲಿ ಉತ್ತರ ಬಂತು: ‘ಕಳಿಸ್ತೀನಿ ಅಕ್ಕ.’ ಎರಡೇ ಪದದಲ್ಲಿ ಕೈಯಲ್ಲಿದ್ದುದನ್ನು ಬಿಟ್ಟುಕೊಟ್ಟಿದ್ದಳು. ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಿದಳಲ್ಲ ಎಂದು ಅದಕ್ಕೂ ಉರಿದುಕೊಂಡೆ.

ಮರುದಿನ ಮೆಂಬ್ರೇನ್ ಶಿರಾ ಬಸ್ಸಿನಲ್ಲಿ ಬಂತು. ರಟ್ಟಿನ ಪೆಟ್ಟಿಗೆ ಡಿಕ್ಕಿಯಲ್ಲಿ ಹಿಡಿಸದೆ ಅವಳು ಪೆಟ್ಟಿಗೆ ತೆಗೆದು ಗೋಣಿಚೀಲದಲ್ಲಿ ಸುತ್ತಿ ಕಳಿಸಿದ್ದಳು. ಹಾಕುವ ಕೆಲಸವನ್ನು ಪಾವಗಡದ ಟೆಕ್ನಿಷಿಯನ್‌ಗೆ ವಹಿಸಬೇಕಿತ್ತು. ಬಲಸಮುದ್ರದವನು, ಐ.ಡಿ.ಹಳ್ಳಿಗೆ ಅವನೇ ಹತ್ತಿರ. ಎರಡು ವರ್ಷದಿಂದ ನಮ್ಮಲ್ಲಿದ್ದ, ಕೆಲಸ ಕಾಯಂ ಆಗಿ ಇನ್ನೂ ತಿಂಗಳಾಗಿರಲಿಲ್ಲ. ಅವನಿಗೆ ಮೇಲ್ ಬರೆದೆ. ಅಭ್ಯಾಸಬಲ, ಮುಗಿಸುವ ಹೊತ್ತಿಗೆ ಒಂದು ಪುಟವಾಗಿತ್ತು. ಆಗ ಹೆಬ್ಬೆರಳು ನೆನಪಾಯಿತು.

ಅಳಿಸಲು ಕೂತೆ. ಮೊದಲು ‘ಮಾನ್ಯರೇ’ ಹೋಯಿತು. ಉಲ್ಲೇಖ ಹೋಯಿತು. ಕೊಳವೆಯ ಮುಚ್ಚಳದ ರಬ್ಬರ್ ರಿಂಗಿಗೆ ಗ್ಲಿಸರಿನ್ ಹಚ್ಚಬೇಕು, ಎಣ್ಣೆ ತಾಗಿಸಬಾರದು ಎಂಬ ಸಾಲು ಹೋಯಿತು. ನೀರು ಹರಿಯುವ ದಿಕ್ಕಿನ ಬಾಣದ ಗುರುತು ನೋಡಿ ಹಾಕಿ ಎಂಬುದು ಹೋಯಿತು. ಉಳಿದದ್ದು ಕೊನೆಯ ಪ್ಯಾರಾ: ಹೊಸ ಮೆಂಬ್ರೇನ್ ಕೊಳೆಯದಿರಲಿ ಎಂದು ತಯಾರಿಸುವವರು ಒಂದು ದ್ರಾವಣ ತುಂಬಿರುತ್ತಾರೆ, ಆದ್ದರಿಂದ ಮೊದಲ ಮೂರು ಗಂಟೆಯ ನೀರನ್ನು ಪೂರ್ತಿ ಚರಂಡಿಗೆ ಬಿಡಬೇಕು, ಟ್ಯಾಂಕಿಗೆ ಒಂದು ಹನಿಯೂ ಹೋಗಬಾರದು. ಅದರ ಮೇಲೆ ಕೈ ಒಂದು ಕ್ಷಣ ನಿಂತಿತು. ಎರಡು ವರ್ಷದಿಂದ ಇದೇ ಕೆಲಸ ಮಾಡುವವನಿಗೆ ಇಷ್ಟೂ ಗೊತ್ತಿರುವುದಿಲ್ಲವೇ ಎಂದುಕೊಂಡೆ. ಅಳಿಸಿದೆ. ‘ಇಂತಿ ತಮ್ಮ ವಿಶ್ವಾಸಿ’ಯನ್ನೂ ಅಳಿಸಿ, ಹೆಸರಿನ ಬದಲು ಒಂದೇ ಅಕ್ಷರ ಹಾಕಿದೆ. ಉಳಿದದ್ದು ಇಷ್ಟು: ‘ಐ.ಡಿ.ಹಳ್ಳಿ: ನಾಳೆ ಬೆಳಿಗ್ಗೆ ಮೆಂಬ್ರೇನ್ ಹಾಕಿ. ವರದಿ ಕಳಿಸಿ.’ ಮ್ಯಾನೇಜರ್‌ಗೂ ಶಿರಾದವಳಿಗೂ ಪ್ರತಿ ಇಟ್ಟು ಕಳಿಸಿಬಿಟ್ಟೆ.

ಹತ್ತು ನಿಮಿಷಕ್ಕೆ ಮ್ಯಾನೇಜರ್ ಸಾಹೇಬರ ಉತ್ತರ: ‘ಪರ್ಫೆಕ್ಟ್. ಥ್ಯಾಂಕ್ಯೂ. ಬೆಸ್ಟ್.’ ಕೆಳಗೆ ಹೆಸರು.

ಆ ಮೂರು ಪದವನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅವತ್ತು ಡಬ್ಬಿ ಖಾಲಿ ಮಾಡಿ, ಎದುರಿನ ಹೋಟೆಲಿನಿಂದ ಎರಡು ಮದ್ದೂರು ವಡೆ ತರಿಸಿ ತಿಂದೆ. ಅಷ್ಟರಲ್ಲಿ ಶಿರಾದವಳ ಮೇಲ್ ಬಂತು, ನನಗೊಬ್ಬಳಿಗೇ: ‘ಅಕ್ಕ, ಅಷ್ಟೇನಾ?’

ಉರಿಯಿತು ನೋಡು ಎಂದು ಕುಣಿಯುವಷ್ಟು ಸಂತೋಷವಾಯಿತು. ಮದುವೆ ಕಾಗದದವಳು ಒಂದೇ ಸಾಲು ಬರೆದು ಶಹಬಾಸ್ ಅನ್ನಿಸಿಕೊಂಡದ್ದು ಅವಳಿಗೆ ತಡೆಯಲಾಗಿಲ್ಲ ಎಂದೇ ಅರ್ಥ ಮಾಡಿಕೊಂಡೆ. ಅವಳ ದಾರಿಯಲ್ಲೇ ಉತ್ತರ ಕೊಟ್ಟೆ: ‘ಅಷ್ಟೇ.’

ಮರುದಿನ ಬೆಳಿಗ್ಗೆ ಏಳಕ್ಕೆ ಟೆಕ್ನಿಷಿಯನ್ ಐ.ಡಿ.ಹಳ್ಳಿಗೆ ಹೋಗಿದ್ದ. ಒಂಬತ್ತಕ್ಕೆ ಸಂದೇಶ: ‘ಆಯ್ತು ಅಕ್ಕ. ಟಿಡಿಎಸ್ ಭಾಳ ಚೆನ್ನಾಗಿ ಬಂದೈತೆ.’ ನಾನು ಮ್ಯಾನೇಜರ್‌ಗೆ ‘ಐ.ಡಿ.ಹಳ್ಳಿ ಮುಗಿದಿದೆ’ ಎಂದು ಕಳಿಸಿ, ಉತ್ತರಕ್ಕೆ ಕಣ್ಣಿಟ್ಟು ಕೂತೆ. ಹನ್ನೊಂದರ ಹೊತ್ತಿಗೆ ಫೋನ್ ಬಂತು. ಐ.ಡಿ.ಹಳ್ಳಿಯ ಆಪರೇಟರ್, ವಯಸ್ಸಾದವರು.

“ಅಮ್ಮಣ್ಣಿ, ನೀರು ವಾಸ್ನೆ ಹೊಡಿತೈತೆ ಕಣಮ್ಮ. ಬೆಂಕಿಕಡ್ಡಿ ಗೀರ್ದಂಗೆ. ಒಂಥರಾ ಒಗರು. ಜನ ಕ್ಯಾನ್ ವಾಪಸ್ ತಂದು ಕುಕ್ತಾವ್ರೆ.”

ಆ ವಾಸನೆ ಯಾವುದೆಂದು ಕೇಳುವ ಅಗತ್ಯವೇ ಇರಲಿಲ್ಲ.

“ನೀರು ಚರಂಡಿಗೆ ಬಿಡ್ಲಿಲ್ವಾ ಯಜಮಾನ್ರೇ?”

“ಯಾಕಮ್ಮ? ಟ್ಯಾಂಕಿಗೇ ಬುಟ್ಟವ್ನೆ. ಹೆಚ್ಚುಕಮ್ಮಿ ಮೂವತ್ ಕ್ಯಾನ್ ಹೋಗವೆ. ಅಂಗನವಾಡಿಗೂ ಎಲ್ಡು ಹೋಯ್ತು.”

ಅಂಗನವಾಡಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಾನು ಏನೇನು ಹೇಳಿದೆನೋ ಸರಿಯಾಗಿ ನೆನಪಿಲ್ಲ. ಘಟಕ ನಿಲ್ಲಿಸಿ, ಮೊದಲು ಅಂಗನವಾಡಿಗೆ ಓಡಿ, ಯಾರಿಗೂ ಕುಡಿಯಲು ಬಿಡಬೇಡಿ ಎಂದಿರಬೇಕು. ಸ್ಕೂಟಿ ಹತ್ತುವ ಮುಂಚೆ ಇನ್ನೊಂದು ಫೋನ್ ಮಾಡಿದೆ. ಯಾರಿಗೆ ಮಾಡಬೇಕೆಂದು ಯೋಚಿಸಲಿಲ್ಲ, ಬೆರಳು ಹೋದದ್ದು ಶಿರಾದವಳ ನಂಬರಿಗೆ.

ಅವಳು ಒಂದು ಪ್ರಶ್ನೆಯನ್ನೂ ಹೆಚ್ಚಿಗೆ ಕೇಳಲಿಲ್ಲ. “ಅಕ್ಕಾ, ಫಿಕರ್ ಮಾಡ್ಬೇಡಿ. ಆ ಮೆಂಬ್ರೇನ್ ಔಷಧಿ ಅಷ್ಟು ಜೋರು ಅಲ್ಲ, ಆದ್ರೂ ಮಕ್ಕಳ ಹೊಟ್ಟೆಗೆ ಹೋಗ್ಬಾರ್ದು. ನೀವು ಮನೆಮನೆ ತಿರುಗಿ ಚೆಲ್ಸಿ. ನಾನು ನಮ್ಮ ಘಟಕದಿಂದ ಕ್ಯಾನ್ ತುಂಬ್ಕೊಂಡು ಜಲ್ದಿ ಬರ್ತೀನಿ.”

ಮಧುಗಿರಿಯಿಂದ ಐ.ಡಿ.ಹಳ್ಳಿಗೆ ಅಷ್ಟು ದೂರವಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ನೇರ ಅಂಗನವಾಡಿಗೆ ಹೋದೆ. ಮಕ್ಕಳು ಚಾಪೆಯ ಮೇಲೆ ಕೂತು ಏನೋ ಹಾಡುತ್ತಿದ್ದವು. ಅಲ್ಲಿನ ಟೀಚರಮ್ಮ ಬಾಗಿಲಿಗೇ ಬಂದರು.

“ಚೆಲ್ಬುಟ್ಟೆ ಕಣಮ್ಮ, ಎಲ್ಡೂ ಕ್ಯಾನು. ದಿನಾ ಮಕ್ಕಳ ಬಾಯಿಗೆ ಹಾಕೋ ಮುಂಚೆ ನಾನೊಂದು ಲೋಟ ಕುಡಿತೀನಿ. ಇವತ್ತು ಬಾಯ್ಗಿಟ್ಟಿದ್ದೇ ಉಗುದ್ಬುಟ್ಟೆ. ಏನ್ ಹಾಕಿದ್ರಿ ಅದಕ್ಕೆ?”

ನಾನು ಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತೆ. ಅವರು ಗಾಬರಿಯಾಗಿ ನೀರು ತರಲು ಒಳಗೆ ಹೋದವರು, ನೀರಿಲ್ಲವೆಂದು ನೆನಪಾಗಿ ಬರಿಗೈಯಲ್ಲಿ ಬಂದರು.

ಆಮೇಲೆ ನಾನು, ಆಪರೇಟರ್, ಟೆಕ್ನಿಷಿಯನ್ ಮೂವರೂ ಬೀದಿ ಹಂಚಿಕೊಂಡು ಕ್ಯಾನು ತೆಗೆದುಕೊಂಡವರ ಮನೆ ಹುಡುಕಿ ಹುಡುಕಿ ಚೆಲ್ಲಿಸಿದೆವು. ಒಬ್ಬ ಅಜ್ಜಿ ಮಾತ್ರ ಅರ್ಧ ಲೋಟ ಕುಡಿದಿದ್ದರು. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಡಾಕ್ಟರು ಗಂಟಲು ನೋಡಿ, ನೀರು ಚೆನ್ನಾಗಿ ಕುಡಿಯಿರಿ ಎಂದು ಹೇಳಿ ಕಳಿಸಿದರು. “ಯಾವ ನೀರು ಕುಡೀಲಿ, ಅದ್ನೂ ನೀನೇ ಹೇಳು” ಎಂದು ಅಜ್ಜಿ ದಾರಿಯುದ್ದಕ್ಕೂ ನನ್ನನ್ನು ಬೈದರು. ಬೈಸಿಕೊಂಡದ್ದು ಅಜ್ಜಿಯೊಬ್ಬರಿಂದಲೇ ಅಲ್ಲ. ಘಟಕದ ಮುಂದೆ ಜನ ಸೇರಿದ್ದರು. ಅಷ್ಟರಲ್ಲಿ ಶಿರಾದವಳು ಲಗೇಜ್ ಆಟೋದಲ್ಲಿ ಕ್ಯಾನುಗಳನ್ನು ಪೇರಿಸಿಕೊಂಡು ಬಂದಿಳಿದಳು. ದುಪಟ್ಟಾ ಸೊಂಟಕ್ಕೆ ಬಿಗಿದು ತಾನೇ ಕ್ಯಾನು ಇಳಿಸತೊಡಗಿದಳು. ಬಯ್ಯುತ್ತಿದ್ದವರು ಸಾಲು ನಿಂತರು.

ಎರಡು ಗಂಟೆಗೆ ಮ್ಯಾನೇಜರ್ ಸಾಹೇಬರ ಮೇಲ್ ಬಂತು. ಊರಿನ ಯಾರೋ ಅವರಿಗೆ ಫೋನ್ ಮಾಡಿದ್ದರು. ‘ಇದಕ್ಕೆ ಯಾರು ಜವಾಬ್ದಾರಿ? ನಾಲ್ಕು ಗಂಟೆಯೊಳಗೆ ತಿಳಿಸಿ. ಟೆಕ್ನಿಷಿಯನ್‌ನನ್ನು ಇಂದಿನಿಂದಲೇ ಬಿಡಿಸಿ.’ ಕೆಳಗೆ ರಿಗಾರ್ಡ್ಸ್ ಇರಲಿಲ್ಲ.

ಘಟಕದ ಹಿಂದೆ, ನೆರಳಿರುವ ಕಡೆ ಕಟ್ಟೆಯ ಮೇಲೆ ಕೂತು ಫೋನಿನಲ್ಲೇ ಉತ್ತರ ಬರೆಯಲು ಶುರುಮಾಡಿದೆ. ಆಗ ನನಗೊಂದು ವಿಷಯ ಹೊಳೆಯಿತು. ಮೆಂಬ್ರೇನ್ ಪೆಟ್ಟಿಗೆಯೊಳಗೆ ತಯಾರಿಸಿದವರ ಸೂಚನೆ ಹಾಳೆಯೊಂದು ಇರುತ್ತದೆ. ಮೊದಲ ನೀರು ಹೊರಬಿಡಿ ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಶಿರಾದವಳು ಪೆಟ್ಟಿಗೆ ತೆಗೆದು ಗೋಣಿಚೀಲದಲ್ಲಿ ಕಳಿಸಿದ್ದಳು. ಹಾಳೆ ಬಂದಿರಲಿಲ್ಲ. ‘ಮಾನ್ಯರೇ, ಸ್ಟೋರಿನಿಂದ ಸೂಚನಾ ಹಾಳೆಯಿಲ್ಲದೆ ಸಾಮಗ್ರಿ ರವಾನೆಯಾಗಿರುವುದು ಈ ಅವಘಡಕ್ಕೆ ಮೂಲ ಕಾರಣವೆಂದು ತಮ್ಮ ಅವಗಾಹನೆಗೆ ತರಬಯಸುತ್ತೇನೆ’ ಎಂದು ಶುರುವಾದ ಕಾಗದ ಸರಸರನೆ ಬೆಳೆಯಿತು. ವಿಷಯ, ಉಲ್ಲೇಖ, ತಮ್ಮ ವಿಶ್ವಾಸಿ ಎಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾದ ಮೇಲ್ ಬರೆದಿರಲಿಲ್ಲ. ಒಂದೂ ಸುಳ್ಳಿರಲಿಲ್ಲ ಅದರಲ್ಲಿ.

ಅವಳು ಮುಖ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತಳು. ಫೋನನ್ನು ಮಗುಚಿ ತೊಡೆಯ ಮೇಲಿಟ್ಟೆ.

“ನಿನ್ನೆ ನೀನು ಅಷ್ಟೇನಾ ಅಂತ ಕೇಳಿದ್ಯಲ್ಲ, ಯಾಕೆ?” ಎಂದೆ.

“ಕೊನೇ ಪ್ಯಾರಾ ಇರ್ಲಿಲ್ವಲ್ಲ ಅಕ್ಕಾ. ನಿಮ್ಮದು ಇರದೇ ಇರಲ್ಲ. ಬೇರೆ ಮೇಲ್ ಮಾಡಿರ್ಬೇಕು ಅಂತ ಸುಮ್ನಾದೆ.” ಆಮೇಲೆ ಸ್ವಲ್ಪ ನಾಚಿಕೊಂಡು, “ನಿಜ ಹೇಳ್ಬೇಕಂದ್ರೆ ನಮ್ಮ ಶಿರಾ ಟೆಕ್ನಿಷಿಯನ್‌ಗಳಿಗೆ ನಾನು ಕಳಿಸೋದು ಆ ಪ್ಯಾರಾನೇ. ನಿಮ್ಮ ಹಳೇ ಮೇಲ್‌ನಿಂದ ಎತ್ತಿ ನನ್ನ ಮೇಲ್‌ಗೆ ಅಂಟಿಸ್ತೀನಿ. ನಂಗೆ ಅಂಗೆ ಬರಿಯಕ್ಕೆ ಬರಲ್ಲ” ಎಂದಳು.

ಇದನ್ನು ಕೇಳಿ ನನ್ನ ಮನಸ್ಸು ಕರಗಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೈಯೆಲ್ಲ ಧಗ್ ಎಂದಿತು. ನನ್ನ ಒಗ್ಗರಣೆ, ಅವಳ ಮನೆಯಲ್ಲಿ ಊಟ, ಹೊಗಳಿಕೆ ಅವಳಿಗೆ. ವರ್ಷವಿಡೀ ಅವಳ ಒಂದು ಸಾಲಿನ ಹಿಂದೆ ನನ್ನ ಪ್ಯಾರಾ ದುಡಿದಿತ್ತು. ‘ವಾರ್ಮ್ ರಿಗಾರ್ಡ್ಸ್’ನಲ್ಲಿ ಅರ್ಧ ನನಗೆ ಸೇರಬೇಕಿತ್ತು. ಅವಳು ಆಟೋ ಕಡೆ ಎದ್ದು ಹೋದ ಮೇಲೆ ಫೋನ್ ತಿರುಗಿಸಿ, ಇದನ್ನೂ ಒಂದು ಸಾಲಾಗಿ ಸೇರಿಸಿದೆ. ಇನ್ನು ‘ಸೆಂಡ್’ ಒತ್ತುವುದೊಂದೇ ಬಾಕಿ.

ಟೆಕ್ನಿಷಿಯನ್ ಅಲ್ಲೇ ಐದಾರು ಅಡಿ ದೂರದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಪೈಪನ್ನು ಚರಂಡಿಗೆ ತಿರುಗಿಸಿ ನೀರು ಬಿಡುತ್ತಿದ್ದ. ಬೆಳಗಿನಿಂದ ಅವನೂ ಏನೂ ತಿಂದಿರಲಿಲ್ಲ. ಮೇಲ್ ಬಂದದ್ದು ಅವನಿಗೂ ಗೊತ್ತಾಗಿತ್ತು.

“ಅಕ್ಕಾ, ನನ್ ಕೆಲ್ಸ ಹೋಯ್ತಾ?”

“ಮೊದ್ಲ ನೀರು ಹೊರಗೆ ಬಿಡ್ಬೇಕು ಅಂತ ನಿಂಗೆ ಗೊತ್ತಿರ್ಲಿಲ್ವೇನಪ್ಪಾ?” ಎಂದೆ.

“ಗೊತ್ತಕ್ಕಾ. ಹೋದ ಸಲ ಹಾಕ್ದಾಗ ಮೂರು ಗಂಟೆ ಬಿಟ್ಟಿದ್ನಿ. ನೀವು ಬರ್ದಿದ್ರಿ. ಈ ಸಲ ಬರ್ದಿರ್ಲಿಲ್ಲ.” ಅವನು ನೀರಿಗೆ ಕೈಯೊಡ್ಡಿ ಮೂಸಿ ನೋಡಿದ. “ಇದು ಬ್ಯಾರೆ ತರದ್ದೇನೋ, ಇದ್ಕೆ ಬೇಕಾಗಿಲ್ವೇನೋ ಅನ್ಕಂಡೆ. ಏಂ ಚೆಪ್ಪೇದಿ ಅಕ್ಕಾ, ಏನಂತ ಹೇಳ್ಲಿ, ನಾವು ಟೆಕ್ನಿಷಿಯನ್‌ಗಳೆಲ್ಲ ನಿಮ್ಮ ಮೇಲ್ ಕಡೇಯಿಂದ ಓದಾದು. ಮೊದಲ್ದು ಸಾಹೇಬ್ರಿಗೆ, ಕಡೇದು ನಮ್ಗೆ. ಈ ಸಲ ಕಡೇಲಿ ಏನೂ ಇರ್ಲಿಲ್ಲ.”

ಆರೋಪ ಮಾಡುವ ದನಿಯಲ್ಲ ಅದು. ನಡೆದದ್ದನ್ನು ಹೇಳಿದ ಅಷ್ಟೆ.

ಹನ್ನೊಂದು ವರ್ಷ ನಾನು ಆ ಕಾಗದಗಳನ್ನು ಒಬ್ಬರು ಮೆಚ್ಚಲಿ ಎಂದು ಬರೆದಿದ್ದೆ. ಅವರು ತಲೆ ನೋಡಿ ಬಿಟ್ಟುಬಿಡುತ್ತಿದ್ದರು. ಕಾಲಿನ ಹತ್ತಿರ ಕೂತು ಓದುವವರು ಬೇರೆ ಇದ್ದರು, ಅವರಿಗೆ ನನ್ನ ಮಾತು ಬೇಕಿತ್ತು, ನಾನು ಒಂದು ‘ಪರ್ಫೆಕ್ಟ್’ ಆಸೆಗೆ ಅದನ್ನೇ ಕತ್ತರಿಸಿ ಹಾಕಿದ್ದೆ. ಅಂಗನವಾಡಿಯ ಚಾಪೆ ಕಣ್ಣೆದುರು ಬಂತು. ನಾಚಿಕೆ ಎಂದರೆ ಸಣ್ಣ ಮಾತು.

ಫೋನಿನಲ್ಲಿದ್ದ ಆ ಚೆಂದದ ಮೇಲ್ ಅಳಿಸಿದೆ. ಸಂಕಟವಾಯಿತು, ಸುಳ್ಳೇಕೆ. ಅದರ ಜಾಗದಲ್ಲಿ ಬರೆದದ್ದು ಇಷ್ಟು: ‘ಮಾನ್ಯರೇ, ಜವಾಬ್ದಾರಿ ನನ್ನದು. ಮೊದಲ ಮೂರು ಗಂಟೆಯ ನೀರು ಹೊರಬಿಡಬೇಕೆಂಬ ಸೂಚನೆಯನ್ನು ಪ್ರತಿ ಸಲ ಬರೆಯುತ್ತಿದ್ದವಳು ನಾನು, ಈ ಸಲ ತೆಗೆದವಳೂ ನಾನು. ಟೆಕ್ನಿಷಿಯನ್ ನನ್ನ ಮೇಲ್‌ನಲ್ಲಿ ಇದ್ದಂತೆ ಕೆಲಸ ಮಾಡಿದ್ದಾರೆ. ಅವರನ್ನು ಬಿಡಿಸುವುದಾದರೆ ಮೊದಲು ನನ್ನನ್ನು ಬಿಡಿಸಬೇಕಾಗುತ್ತದೆ.’ ಕೆಳಗೆ ಒಂದು ಅಕ್ಷರವಲ್ಲ, ನನ್ನ ಪೂರ್ತಿ ಹೆಸರು. ಒತ್ತಿದೆ. ಸಂಯೋಜಕರ ಜಾಗ ಅದರ ಜತೆಗೇ ಹೋಯಿತು ಎಂದು ಒತ್ತುವಾಗಲೇ ಗೊತ್ತಿತ್ತು.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಉತ್ತರ ಬಂತು: ‘ನೋಟೆಡ್’. ಮುಂದೆ ಚುಕ್ಕಿಯಿಲ್ಲ, ಯಾರನ್ನೂ ಬಿಡಿಸುವ ಮಾತೂ ಇಲ್ಲ. ಅಷ್ಟು ವರ್ಷದಲ್ಲಿ ಮೊದಲ ಸಲ ಆ ಪದ ನೋಡಿ ನನಗೆ ಉಸಿರು ಬಂತು. ಟೆಕ್ನಿಷಿಯನ್‌ಗೆ, “ನಿನ್ ಕೆಲ್ಸ ಹೋಗಿಲ್ಲ ಕಣಪ್ಪ, ಎದ್ದು ಏನಾದ್ರೂ ತಿನ್ನು ಹೋಗು” ಎಂದೆ.

ಸಂಜೆಯವರೆಗೂ ನೀರು ಚರಂಡಿಗೆ ಹರಿಯಿತು. ಟ್ಯಾಂಕ್ ಖಾಲಿ ಮಾಡಿ, ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ, ಎರಡು ಸಲ ತೊಳೆದೆವು. ಮರುದಿನ ಬೆಳಿಗ್ಗೆ ಹೊಸ ನೀರು ತುಂಬಿ, ಮೂಸಿ, ಅಂಕಿ ನೋಡಿ, ಸೇರಿದ್ದ ಜನರೆದುರು ಮೊದಲ ಲೋಟ ನಾನು ಕುಡಿದೆ. ಎರಡನೆಯದನ್ನು ಅಂಗನವಾಡಿ ಟೀಚರಮ್ಮ ಕೈಯಿಂದ ಕಿತ್ತುಕೊಂಡು ಕುಡಿದು, ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡು, ನುಂಗಿ, ತಲೆಯಾಡಿಸಿದರು. ಆಮೇಲೆ ಕ್ಯಾನುಗಳು ಸಾಲು ಬಂದವು.

ತಿಂಗಳ ಕೊನೆಗೆ ಶಿರಾದವಳು ನಾಲ್ಕು ತಾಲ್ಲೂಕಿನ ಸಂಯೋಜಕಿಯಾದಳು. ಆಗಬೇಕಾದದ್ದೇ ಆಯಿತು ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ, ಹೇಳಿ ಮನೆಗೆ ಹೋಗಿ ಇನ್ನೊಂದು ಲೋಟ ನಗ್ಗಿಸಿದೆ. ಅವಳ ಮೊದಲ ಸುತ್ತೋಲೆ ಬಂದದ್ದು ಸೋಮವಾರ ಬೆಳಿಗ್ಗೆ. ಎರಡೇ ಸಾಲು: ‘ಇನ್ನು ಮುಂದೆ ಮೆಂಬ್ರೇನ್ ಹಾಕುವ, ಘಟಕ ನಿಲ್ಲಿಸುವ ಮೇಲ್‌ಗಳನ್ನು ನಾಲ್ಕೂ ತಾಲ್ಲೂಕಿಗೆ ಮಧುಗಿರಿ ಅಕ್ಕನೇ ಬರೆಯುತ್ತಾರೆ. ಎಲ್ಲರೂ ಕೊನೆಯಿಂದ ಓದಿ.’

ಅದನ್ನು ಓದಿ ಕಣ್ಣು ತುಂಬಿತು. ಜತೆಗೇ ಹೊಟ್ಟೆಯೂ ಉರಿಯಿತು. ಇಂಥ ಸುತ್ತೋಲೆ ಹೊರಡಿಸುವ ಕುರ್ಚಿ ನನ್ನದಾಗಬೇಕಿತ್ತಲ್ಲ. ಸೇಡು ತೀರಿಸಿಕೊಳ್ಳುವವಳ ಹಾಗೆ ಒಂದೇ ಪದ ಬರೆದು ಕಳಿಸಿದೆ: ‘ನೋಟೆಡ್’. ಚುಕ್ಕಿಯನ್ನೂ ಹಾಕಲಿಲ್ಲ.

ಎರಡು ನಿಮಿಷವೂ ಆಗಿರಲಿಲ್ಲ, ಅವಳ ಫೋನ್.

“ಅಕ್ಕಾ, ಹುಷಾರಾಗಿದ್ದೀರಾ? ಜ್ವರ ಗಿರ ಬಂತಾ?”

“ಯಾಕೆ?”

“ಅಲ್ಲಾ, ನಿಮ್ಮಿಂದ ಒಂದೇ ಪದ ಬಂತಲ್ಲ, ಎದೆ ಧಸಕ್ ಅಂತು. ಕೊನೇ ಸಲ ನೀವು ಚಿಕ್ಕದಾಗಿ ಬರ್ದಾಗ ಏನಾಯ್ತು ಅಂತ ಮರ್ತಿಲ್ಲ ನಾನು.”

ನನಗೆ ನಗು ಬಂದುಬಿಟ್ಟಿತು. “ಏನೂ ಆಗಿಲ್ಲ ಕಣಮ್ಮ. ಇಡು, ಸರಿಯಾಗಿ ಬರೀತೀನಿ” ಎಂದೆ.

ಹೊಸ ಮೇಲ್ ತೆರೆದೆ. ಬರೆಯಬೇಕಾದ್ದು ಸಾಕಷ್ಟಿತ್ತು: ನಾಲ್ಕೂ ತಾಲ್ಲೂಕಿನಲ್ಲಿ ಯಾವ ಘಟಕಕ್ಕೆ ಯಾವ ವಾರ, ಯಾರು ಹೋಗಬೇಕು, ಕೊನೆಯಲ್ಲಿ ಏನನ್ನು ಮರೆಯಬಾರದು. ಅದೆಲ್ಲ ಅರ್ಧ ಗಂಟೆಯಲ್ಲಿ ಮುಗಿಯಿತು. ಆದರೆ ಅದಕ್ಕೂ ಮೊದಲು, ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ, ‘ಮಾನ್ಯ ಸಂಯೋಜಕರೇ’ ಎಂದು ಅವಳಿಗೆ ಬರೆಯಲು ನನಗೆ ಒಂದು ಲೋಟ ಕಾಫಿ ಆರಿ ತಣ್ಣಗಾಗುವಷ್ಟು ಹೊತ್ತು ಹಿಡಿಯಿತು. ಬರೆದೆ.